ನೆಲಕ್ಕಿಳಿದ ಮೇಲೆ ಸಿಗದ ದೋಷ

ನಾನು ಬೆಂಗಳೂರಿನಲ್ಲಿ ವಿಮಾನಗಳ ಲೈನ್ ಮೇಂಟೆನೆನ್ಸ್, ಅಂದರೆ ಹಾರಾಟಗಳ ನಡುವೆ ತಪಾಸಣೆ, ದುರಸ್ತಿಯ ಕೆಲಸ ಮಾಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅಕ್ಟೋಬರ್ ಸಂಜೆ, ಚಿಕ್ಕ ಊರೊಂದರಿಂದ ಮುಂಬೈಗೆ ಹೊರಟಿದ್ದ ಎ320 ವಿಮಾನ ನಮ್ಮ ಕಡೆ ತಿರುಗಿತು. ಮೋಡದೊಳಗೆ ಏರುತ್ತಿದ್ದಾಗ ಕ್ಯಾಪ್ಟನ್ ಮುಂದಿನ ಪರದೆಯಲ್ಲಿ ಒಂದು ವೇಗ, ಕೋಪೈಲಟ್ ಮುಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಎರಡೂ ಮತ್ತೆ ಒಂದೇ ಆದವು. ಆದರೂ ಕ್ಯಾಪ್ಟನ್ ಮುಂದೆ ಹೋಗಲಿಲ್ಲ. ಹೊರಟ ಊರಿನ ರನ್‌ವೇ ಗಿಡ್ಡ. ವೇಗದ ಮೇಲೆ ನಂಬಿಕೆ ಇಲ್ಲದಾಗ ಸ್ವಲ್ಪ ಜೋರಾಗಿಯೇ ಇಳಿಯಬೇಕಾಗಬಹುದು, ಹಾಗಾಗಿ 4,000 ಮೀಟರ್ ರನ್‌ವೇ ಇರುವ ಬೆಂಗಳೂರಿಗೆ ಬಂದರು.

ಒಳಗೆ ಪ್ರಯಾಣಿಕರು ಸಿಟ್ಟಾಗಿದ್ದರು. ಮದುವೆಗೆ ಹೊರಟವರಿದ್ದರು, ಮುಂಬೈಯಿಂದ ಇನ್ನೊಂದು ವಿಮಾನ ಹಿಡಿಯಬೇಕಿದ್ದವರಿದ್ದರು. ನಾನು ವೇಗ ತೋರಿಸುವ ವ್ಯವಸ್ಥೆಯನ್ನು ಟೆಸ್ಟ್ ಮಾಡಿದೆ, ಎಲ್ಲ ಪಾಸ್. ವೇಗ ಅಳೆಯುವ ಪಿಟೋ ಟ್ಯೂಬಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ, ಸ್ವಚ್ಛ. ವಿಮಾನದ ದೋಷ, ದುರಸ್ತಿ ಬರೆದಿಡುವ ಟೆಕ್ ಲಾಗ್‌ನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆಯಲು ಪೆನ್ನು ತೆಗೆದಿದ್ದೆ. ಸುಮ್ನೆ ಹೆದರಿ ಬಂದಿದ್ದಾರೆ ಅಂತಲೇ ಮನಸ್ಸಿನಲ್ಲಿತ್ತು.

ನಮ್ಮ ಶಿಫ್ಟಿನ ಹಿರಿಯ ಇಂಜಿನಿಯರ್ ಬಂದು, “ಬಾಯಿ ನೋಡಿದೆ ಸರಿ, ಕೆಳಗೆ ನೋಡಿದೆಯೇನಪ್ಪಾ?” ಎಂದರು.

ಪಿಟೋ ಟ್ಯೂಬ್ ಅಂದರೆ ವಿಮಾನದ ಮೂತಿಯ ಹತ್ತಿರ ಗಾಳಿಗೆ ಎದುರಾಗಿ ಬಾಯಿ ತೆರೆದಿರುವ ಬೆರಳು ಗಾತ್ರದ ಕೊಳವೆ. ಒಳಗೆ ನುಗ್ಗುವ ಗಾಳಿಯ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಜೊತೆ ಹೋಲಿಸಿಯೇ ವೇಗದ ಲೆಕ್ಕ. ಮಳೆನೀರು ಇಳಿದುಹೋಗಲು ಅದರ ಅಡಿಯಲ್ಲಿ ಸಣ್ಣ ತೂತಿರುತ್ತದೆ. ನಾನು ಏಣಿ ಹತ್ತಿ, ಕತ್ತು ತಿರುಗಿಸಿ ನೋಡಿದೆ. ಕ್ಯಾಪ್ಟನ್ ಕಡೆಯ ಟ್ಯೂಬಿನ ತೂತಿನಲ್ಲಿ ಕೆಂಪು ಮಣ್ಣು, ಟ್ಯೂಬಿನೊಳಗಿನ ಹೀಟರಿನ ಕಾವಿಗೆ ಹೆಂಚಿನ ಹಾಗೆ ಸುಟ್ಟು ಗಟ್ಟಿಯಾಗಿತ್ತು. ನಮ್ಮ ಮನೆಗಳ ಕಿಟಕಿ ಮೂಲೆಯಲ್ಲಿ ಗೂಡು ಕಟ್ಟುತ್ತದಲ್ವಾ, ಕುಂಬಾರ ಹುಳ, ಅದರದ್ದೇ ಕೆಲಸದ ಹಾಗಿತ್ತು. ವಿಮಾನ ಎರಡು ದಿನ ನಿಂತಿದ್ದಾಗ ಆ ಟ್ಯೂಬಿಗೆ ಕವರ್ ಹಾಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮೋಡದಲ್ಲಿ ನೀರು ತುಂಬಿಕೊಂಡು, ಇಳಿಯಲು ದಾರಿಯಿಲ್ಲದೆ ವೇಗ ತಪ್ಪು ತೋರಿಸಿದೆ. ಹೀಟರಿಗೆ ನೀರು ಆರಿದ ಮೇಲೆ ಸರಿಯಾಗಿದೆ.

ಕ್ಯಾಪ್ಟನ್ ಮೆಟ್ಟಿಲ ಬಳಿ ಯಾರಿಗೋ ಫೋನಿನಲ್ಲಿ ವಿವರಣೆ ಕೊಡುತ್ತಿದ್ದರು. “ಸರ್, ಒಂದ್ನಿಮಿಷ ಬನ್ನಿ” ಎಂದು ಕರೆದು ತೋರಿಸಿದೆ. ಬಗ್ಗಿ ನೋಡಿದರು. “ಸರಿಹೋಯ್ತಲ್ಲ, ಮುಂದೆ ಹೋಗೋಣ ಅಂತ ನಾನೂ ಎರಡು ನಿಮಿಷ ಯೋಚಿಸಿದ್ದೆ” ಎಂದರು.

ಆ ರಾತ್ರಿ ಊಟದ ಹೊತ್ತಿಗೆ ಹಿರಿಯರು ಎರಡು ಅಪಘಾತಗಳ ಬಗ್ಗೆ ಹೇಳಿದರು. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ಪಿಟೋ ಟ್ಯೂಬುಗಳಲ್ಲಿ ಮಂಜುಗಡ್ಡೆ ಕಟ್ಟಿತು. ವೇಗ ತಪ್ಪು ತೋರಿಸಿದ್ದು ಒಂದು ನಿಮಿಷಕ್ಕಿಂತ ಕಡಿಮೆ, ಆದರೆ ಅಷ್ಟರಲ್ಲಿ ಆದ ಗೊಂದಲದಿಂದ ವಿಮಾನ ಸುಧಾರಿಸಿಕೊಳ್ಳಲೇ ಇಲ್ಲ, 228 ಜನ ಹೋದರು. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757ರಲ್ಲಿ ಕ್ಯಾಪ್ಟನ್ ಕಡೆಯ ಟ್ಯೂಬ್ ಮುಚ್ಚಿಹೋಗಿತ್ತು. ಹೀಗೆ ಒತ್ತಡ ಒಳಗೇ ಸಿಕ್ಕಿಕೊಂಡರೆ ಮೇಲೇರಿದಷ್ಟೂ ಹೊರಗಿನ ಒತ್ತಡ ಕಡಿಮೆಯಾಗಿ ವೇಗ ಜಾಸ್ತಿ ತೋರಿಸುತ್ತದೆ. ನಿಜವಾಗಿ ವಿಮಾನ ನಿಧಾನವಾಗುತ್ತಿತ್ತು. 189 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಲ್ಲೂ ಅನುಮಾನ ಹೋದದ್ದು ಮಣ್ಣಿನ ಗೂಡು ಕಟ್ಟುವ ಹುಳದ ಮೇಲೆಯೇ.

ಈಗ ಇಂಥ ವಿಮಾನ ಬಂದರೆ ನಾನು ಟೆಸ್ಟ್ ಬಾಕ್ಸ್ ಮುಟ್ಟುವ ಮೊದಲು ಪೈಲಟ್ ಹತ್ತಿರ ಹೋಗುತ್ತೇನೆ. ಎಷ್ಟು ಎತ್ತರದಲ್ಲಿ ಆಯ್ತು, ಮೋಡ ಇತ್ತಾ, ಮಳೆ ಇತ್ತಾ, ಎಷ್ಟು ಸೆಕೆಂಡ್ ಇತ್ತು, ಯಾರ ಕಡೆ ಮೊದಲು ತಪ್ಪಿತು, ಎಲ್ಲ ಕೇಳಿ ಬರೆದುಕೊಳ್ಳುತ್ತೇನೆ. ವಿಮಾನ ಹಿಂದಿನ ಎರಡು ದಿನ ಎಲ್ಲಿ ನಿಂತಿತ್ತು ಅಂತಲೂ ವಿಚಾರಿಸುತ್ತೇನೆ. ಆಮೇಲೆ ಏಣಿ, ಟಾರ್ಚ್.