ಬೀದರ್‌ದಿಂದ ಶಂಶಾಬಾದ್ ಏರ್‌ಪೋರ್ಟಿಗಿ ಗಾಡಿ ಮಾಡೋರು ಇಷ್ಟು ಕೇಳ್ರಿ

ನಮ್ಮ ಬೀದರ್ ಮಂದಿಗಿ ಫಾರಿನ್ ಫ್ಲೈಟ್ ಅಂದ್ರ ಹೈದ್ರಾಬಾದಿನ ಶಂಶಾಬಾದೇ ಹತ್ರ. ಅಕ್ಕನ ಮಗ ದುಬೈಗಿ ಹೊಂಟಾನ, ಹಂಗಾಗಿ ಗಾಡಿ ಬುಕ್ ಮಾಡೋ ಕೆಲಸ ನನ್ ಮ್ಯಾಲ ಬಿತ್ತು. ಬರೇ ರೇಟ್ ಕೇಳಿ ಹೂಂ ಅನ್ನಬ್ಯಾಡ್ರಿ, ಟೋಲ್, ತೆಲಂಗಾಣ ಪರ್ಮಿಟ್, ಪಾರ್ಕಿಂಗ್, ಡ್ರೈವರ್ ಭತ್ಯೆ ಎಲ್ಲಾ ಸೇರಿ ಎಷ್ಟು ಅಂತ ಕೇಳಿ ವಾಟ್ಸಾಪ್‌ನಾಗ ಬರಿಸ್ಕೊಳ್ರಿ. ಡ್ರಾಪ್ ಒಂದೇ ಅಂದ್ರೂ ವಾಪಸ್ ಬರೋ ಕಿಲೋಮೀಟರ್ ಹಿಡಿತಾರ, ಅದು ನ್ಯಾಯನೇ, ಖಾಲಿ ಗಾಡಿಗೂ ಎಣ್ಣಿ ಬೇಕಲ್ಲ. ಹಳದಿ ಬೋರ್ಡ್ ಗಾಡಿನೇ ತಗೊಳ್ರಿ. ಸಿಎನ್‌ಜಿ ಗಾಡಿ ಇದ್ರ ಡಿಕ್ಕಿನಾಗ ಸಿಲಿಂಡರ್ ಇರ್ತದ, ದೊಡ್ಡ ಸೂಟ್‌ಕೇಸ್ ಹಿಡ್ಯಂಗಿಲ್ಲ, ಮೊದ್ಲೇ ಕೇಳ್ರಿ.

ದಾರಿ ಸುಮಾರು 150 ಕಿ.ಮೀ. ಜಹೀರಾಬಾದ್, ಸಂಗಾರೆಡ್ಡಿ ದಾಟಿ ಮುತ್ತಂಗಿ ಹತ್ರ ಔಟರ್ ರಿಂಗ್ ರೋಡ್ ಏರಿದ್ರ ಸಿಟಿ ಟ್ರಾಫಿಕ್ ಹತ್ತಂಗೇ ಇಲ್ಲ, ಸೀದಾ ಶಂಶಾಬಾದ್. ಫಾರಿನ್ ಫ್ಲೈಟಿಗಿ 3 ತಾಸು ಮುಂಚೆ ಇರ್ಬೇಕು, ದಾರಿಗಿ 3 ತಾಸು, ಅಂದ್ರ ಬೆಳಗಿನ 4 ಗಂಟೆ ಫ್ಲೈಟಿಗಿ ರಾತ್ರಿ 10ಕ್ಕ ಹೊಂಡ್ಬೇಕು, ಒಂದು ತಾಸು ಕೈಯಾಗ ಇಟ್ಕೊಂಡು 9ಕ್ಕೇ ಹೊಂಟ್ರ ಛಲೋ.

ಮತ್ತ ಒಂದು, ಡ್ರೈವರ್ ಅಣ್ಣಾರು ಮಧ್ಯಾಹ್ನ ಮಲಗ್ಯಾರೇನು ಅಂತ ಖಂಡಿತ ಕೇಳ್ರಿ. ಹಗಲೆಲ್ಲ ಬ್ಯಾರೆ ಬಾಡಿಗಿ ಹೊಡದು ಬಂದೋರಾದ್ರ ನಾನಂತೂ ಬ್ಯಾರೆ ಡ್ರೈವರ್‌ನ ಕಳಸ್ರಿ ಅಂತೀನಿ.