ಮನೆ ಬಾಗಿಲಿಗೆ ಬರುವ ಆರೋಗ್ಯ ಕಾರ್ಯಕರ್ತೆಗೆ ಕಾಯಂ ಹುದ್ದೆ ಬೇಕು

ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ, ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಜೊತೆಗಿರುತ್ತದೆ. ವೈದ್ಯರು ರೋಗಿಯನ್ನು ನೋಡುವುದು ಕೆಲವು ತಿಂಗಳಿಗೊಮ್ಮೆ, ಅದೂ ಕೆಲವೇ ನಿಮಿಷ. ಉಳಿದಂತೆ ಮಾತ್ರೆ ನುಂಗುವುದು, ಉಪ್ಪು ಕಡಿಮೆ ಮಾಡುವುದು, ಪಾದ ನೋಡಿಕೊಳ್ಳುವುದು ಎಲ್ಲವೂ ರೋಗಿಯ ಪಾಲಿಗೆ. ಆ ರೋಗಿ ಬೇರೆ ಭಾಷೆಯಾಡುವ, ಆಸ್ಪತ್ರೆಗಳಲ್ಲಿ ತಾತ್ಸಾರವನ್ನೇ ಕಂಡುಬಂದ ಅಲ್ಪಸಂಖ್ಯಾತ ಜನಾಂಗಕ್ಕೆ ಸೇರಿದವರಾಗಿದ್ದರೆ ಆ ಕೆಲವು ನಿಮಿಷಗಳೂ ಪೂರ್ತಿ ದಕ್ಕುವುದಿಲ್ಲ. ಅದೇ ಜನಾಂಗದ ನಡುವಿನಿಂದ ಬಂದು, ತರಬೇತಿ ಪಡೆದು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರ ಕೆಲಸವನ್ನು ನಾನು ಇಷ್ಟೊಂದು ಗೌರವಿಸುವುದು ಈ ಕಾರಣಕ್ಕೆ.

ಇಂಥ ಎಷ್ಟೋ ಕುಟುಂಬಗಳಲ್ಲಿ ವೈದ್ಯರ ಮುಂದೆ ದುಭಾಷಿಯಾಗಿ ಕೂರುವುದು ಶಾಲೆಗೆ ಹೋಗುವ ಮಗಳೋ ಮಗನೋ. ದುಡ್ಡು ಸಾಲದೆ ಮಾತ್ರೆಯನ್ನು ಎರಡು ದಿನಕ್ಕೊಂದರಂತೆ ನುಂಗುತ್ತಿದ್ದೇನೆ ಎಂಬ ಮಾತನ್ನು ಯಾವ ತಾಯಿಯೂ ಮಗುವಿನ ಬಾಯಲ್ಲಿ ಹೇಳಿಸಲಾರಳು. ಸಕ್ಕರೆ ಅಂಶ ಇಳಿಯದ್ದನ್ನು ಕಂಡ ವೈದ್ಯರು ಪ್ರಮಾಣವನ್ನು ಹೆಚ್ಚಿಸಿ ಚೀಟಿ ಬರೆಯುತ್ತಾರೆ. ಕಾರ್ಯಕರ್ತೆ ಮನೆಗೆ ಬಂದು, ಅವರದೇ ಮಾತಿನಲ್ಲಿ ಕ್ಷೇಮ ವಿಚಾರಿಸಿ, ಇಷ್ಟು ಹೊತ್ತಿಗೆ ಖಾಲಿಯಾಗಬೇಕಿದ್ದ ಪಟ್ಟಿಯಲ್ಲಿ ಅರ್ಧದಷ್ಟು ಮಾತ್ರೆ ಉಳಿದಿರುವುದನ್ನು ನೋಡಿದಾಗ ನಿಜ ಸಂಗತಿ ಹೊರಬರುತ್ತದೆ. ಪಾದದ ವಿಷಯವೂ ಹೀಗೆಯೇ: ಸಕ್ಕರೆ ಕಾಯಿಲೆಯಿಂದ ನರಗಳು ಸೋತ ಪಾದದಲ್ಲಿ ಗಾಯವಾದರೂ ನೋವು ತಿಳಿಯುವುದಿಲ್ಲವಾದ್ದರಿಂದ, ಯಾರಾದರೂ ಅಂಗಾಲನ್ನು ಎತ್ತಿ, ಬೆರಳಸಂದಿಗಳನ್ನು ಬಿಡಿಸಿ ನೋಡದ ಹೊರತು ಅದು ಕೀವುಗಟ್ಟುವವರೆಗೂ ಗೊತ್ತಾಗದೆ ಇರಬಹುದು.

ಅಮೆರಿಕದ ಮೂಲನಿವಾಸಿ ಸಮುದಾಯಗಳು ಇಂಥ ಕಾರ್ಯಕರ್ತರನ್ನು 1968ರಿಂದಲೇ ನೇಮಿಸಿಕೊಂಡಿವೆ. 1997ರಲ್ಲಿ ಅಲ್ಲಿ ಮಧುಮೇಹಕ್ಕೆಂದೇ ವಿಶೇಷ ಯೋಜನೆ ಬಂತು. 1996ರಿಂದ 2013ರ ನಡುವೆ ಆ ಜನರಲ್ಲಿ ಮಧುಮೇಹದಿಂದ ಮೂತ್ರಪಿಂಡ ವಿಫಲವಾಗುವ ಪ್ರಮಾಣ ಶೇ. 54ರಷ್ಟು ಇಳಿಯಿತು. ಇದರಲ್ಲಿ ಔಷಧಿಗೂ ತಪಾಸಣೆಗೂ ದೊಡ್ಡ ಪಾಲಿದೆ, ನಿಜ. ಆದರೆ ಅವೆರಡನ್ನೂ ಜನರಿಗೆ ತಲುಪಿಸಲು ಜನರೇ ಬೇಕು.

ನಂಬಿಕೆಯೊಂದೇ ಸಾಕು ಎಂದು ಮಾತ್ರ ನಾನು ಹೇಳಲಾರೆ. ಲಾಸ್ ಏಂಜಲೀಸ್‌ನ ಕಪ್ಪು ಜನಾಂಗದ ಕ್ಷೌರದಂಗಡಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ಷೌರಿಕರು ಬರೀ ಬುದ್ಧಿಮಾತು ಹೇಳಿ ವೈದ್ಯರಲ್ಲಿಗೆ ಹೋಗಲು ಹುರಿದುಂಬಿಸಿದ ಕಡೆ ಆರು ತಿಂಗಳಲ್ಲಿ ಗಿರಾಕಿಗಳ ರಕ್ತದೊತ್ತಡದ ಮೇಲಿನ ಸಂಖ್ಯೆ ಸುಮಾರು 9 ಅಂಕ ಇಳಿದರೆ, ಔಷಧತಜ್ಞರು ಅಂಗಡಿಗೇ ಬಂದು ಮಾತ್ರೆ ಬರೆದುಕೊಟ್ಟ ಕಡೆ 27 ಅಂಕ ಇಳಿಯಿತು. ಆದ್ದರಿಂದ ಕಾರ್ಯಕರ್ತೆ ಕಂಡದ್ದು ರೋಗಿಯ ಕಡತಕ್ಕೆ ಸೇರಬೇಕು, ಆಕೆಯ ಫೋನಿಗೆ ದಾದಿಯೋ ವೈದ್ಯರೋ ಅಂದೇ ಓಗೊಡಬೇಕು.

ನನ್ನನ್ನು ಬಹಳವಾಗಿ ಕಾಡುವುದು ಸಂಬಳದ ಪ್ರಶ್ನೆ. ಕಾಯಿಲೆ ಜೀವನಪೂರ್ತಿ ಇರುವಂಥದ್ದು, ಆದರೆ ಆರೈಕೆ ಮಾಡುವವರ ಹುದ್ದೆಗೆ ಎಷ್ಟೋ ಕಡೆ ಎರಡು ಮೂರು ವರ್ಷದ ಅನುದಾನವೇ ಆಧಾರ. ಅನುದಾನ ಮುಗಿದ ದಿನ ಕಾರ್ಯಕರ್ತೆಯೊಂದಿಗೆ, ಆಕೆ ಮನೆಮನೆಯಲ್ಲಿ ಗಳಿಸಿಕೊಂಡ ಸಲುಗೆಯೂ ಹೋಗುತ್ತದೆ. ಮುಂದೆ ಬರುವವರಿಗೆ ಮಾತ್ರೆಯ ಪಟ್ಟಿಯನ್ನು ಯಾರೂ ಸುಲಭವಾಗಿ ತೆಗೆದು ತೋರಿಸುವುದಿಲ್ಲ. ಕೆಲಸಕ್ಕೆ ತಕ್ಕ ವೇತನ ಕೊಡಬೇಕು, ಲಿಖಿತ ಒಪ್ಪಂದ ಇರಬೇಕು, ಪ್ರೋತ್ಸಾಹಧನವನ್ನೇ ಮುಖ್ಯ ಸಂಬಳವಾಗಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಶಿಫಾರಸು ಮಾಡಿದೆ. ಯೋಜನೆ ರೂಪಿಸುವವರು ಔಷಧಿಗೆ ಪ್ರತಿ ವರ್ಷ ಹಣ ತೆಗೆದಿಡುವಂತೆಯೇ ಈ ಹುದ್ದೆಗಳಿಗೂ ಆಯವ್ಯಯದಲ್ಲಿ ಖಾಯಂ ಜಾಗ ಕೊಡಬೇಕು.