‘ಒಂದೇ ಎಪಿಸೋಡ್ ನೋಡ್ತೀನಿ, ಯಾವುದು ಹೇಳು’

ಹಳೆಯ ಅಲ್ಟ್ರಾಮ್ಯಾನ್ ಬಗ್ಗೆ ಆಗಾಗ ಬರೆಯುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೆಲವರು ನಿಜವಾದ ಕುತೂಹಲದಿಂದ ಕೇಳುತ್ತಾರೆ. ಉಳಿದವರು, “ರಬ್ಬರ್ ವೇಷ ತೊಟ್ಟ ಇಬ್ಬರು ರಟ್ಟಿನ ಊರಲ್ಲಿ ಕುಸ್ತಿ ಆಡೋದನ್ನ ಈ ವಯಸ್ಸಲ್ಲಿ ಏನು ನೋಡ್ತೀಯೋ ಮಾರಾಯ” ಎಂದು ಕಾಲೆಳೆದು, ಕೊನೆಗೆ ಪಾಪ ಅನ್ನಿಸಿ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ಇಪ್ಪತ್ಮೂರನೆಯದು. ಜೊತೆಗೆ ಒಂದು ಷರತ್ತಿದೆ, ಅದು ಆಮೇಲೆ. ಕಥೆಯನ್ನು ಪೂರ್ತಿ ಹೇಳಿಬಿಡುತ್ತೇನೆ, ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ ನೋಡಿಕೊಂಡು ಬನ್ನಿ.

ಗೊತ್ತಿಲ್ಲದವರಿಗೆ ಚುಟುಕಾಗಿ: 1954ರ ಗಾಡ್ಜಿಲ್ಲಾ ಚಿತ್ರಕ್ಕೆ ಸ್ಪೆಷಲ್ ಎಫೆಕ್ಟ್ಸ್ ಮಾಡಿದ ಏಜಿ ತ್ಸುಬುರಾಯಾ ಅವರ ಸಂಸ್ಥೆ ತಯಾರಿಸಿದ ಈ ಧಾರಾವಾಹಿ 1966ರ ಜುಲೈನಿಂದ 1967ರ ಏಪ್ರಿಲ್‌ವರೆಗೆ ಜಪಾನಿನ ಟಿಬಿಎಸ್ ವಾಹಿನಿಯಲ್ಲಿ ಭಾನುವಾರ ಸಂಜೆ ಏಳಕ್ಕೆ ಬರುತ್ತಿತ್ತು. ಒಟ್ಟು 39 ಕಂತು. ವಾರಕ್ಕೊಂದು ದೈತ್ಯ. ಐದು ಜನರ ವಿಜ್ಞಾನ ಪಡೆ ಅದನ್ನು ಎದುರಿಸುತ್ತದೆ. ಕೈಲಾಗದಿದ್ದಾಗ ಪಡೆಯ ಹಯಾತ ಮರೆಗೆ ಸರಿದು, ಟಾರ್ಚಿನಂಥ ಸಾಧನವೊಂದನ್ನು ಎತ್ತಿ ಹಿಡಿದು 40 ಮೀಟರ್ ಎತ್ತರದ ಅಲ್ಟ್ರಾಮ್ಯಾನ್ ಆಗುತ್ತಾನೆ. ಅವನಿಗಿರುವುದು ಮೂರು ನಿಮಿಷ. ಎದೆಯ ದೀಪ ಕೆಂಪಗೆ ಮಿನುಗತೊಡಗಿದರೆ ಹೊತ್ತಾಯಿತೆಂದೇ ಲೆಕ್ಕ. ಕೈ ಅಡ್ಡಹಿಡಿದು ಸ್ಪೇಷಿಯಂ ಕಿರಣ ಬಿಟ್ಟರೆ ದೈತ್ಯ ಖಲಾಸ್, ಮಕ್ಕಳು ಊಟಕ್ಕೆ.

1966ರ ಡಿಸೆಂಬರ್ 18ರಂದು ಬಂದ ಇಪ್ಪತ್ಮೂರನೆಯ ಕಂತೂ ಮೊದಮೊದಲು ಹಾಗೇ ಇದೆ. ಟೋಕಿಯೊದಲ್ಲಿ ಅಂತಾರಾಷ್ಟ್ರೀಯ ಶಾಂತಿ ಸಮ್ಮೇಳನ. ಅದಕ್ಕೆ ಹೊರಟ ಪ್ರತಿನಿಧಿಗಳು ದಾರಿಯಲ್ಲೇ ಸಾಯುತ್ತಿದ್ದಾರೆ, ಹೊಡೆಯುತ್ತಿರುವವರು ಯಾರೆಂದು ಕಣ್ಣಿಗೆ ಬೀಳುತ್ತಿಲ್ಲ. ಪಡೆಯ ಪ್ಯಾರಿಸ್ ಕೇಂದ್ರ ಕಚೇರಿಯಿಂದ ಅಲಾನ್ ಎಂಬ ಅಧಿಕಾರಿ ಬರುತ್ತಾನೆ. ಪಡೆಯ ವಿದೂಷಕನೂ ಯಂತ್ರಪ್ರವೀಣನೂ ಆದ ಇಡೆ ಬಣ್ಣದ ಬೆಳಕಿನ ಉಪಾಯ ಹೂಡಿ, ಕಾಣದ ಆ ನೌಕೆಯನ್ನು ಕಾಣುವಂತೆ ಮಾಡುತ್ತಾನೆ. ನೌಕೆ ಉರುಳುತ್ತದೆ. ಒಳಗಿಂದ ದೈತ್ಯವೊಂದು ಹೊರಬರುತ್ತದೆ. ನಿಜ ಹೇಳಬೇಕೆಂದರೆ ಇಲ್ಲಿಯವರೆಗಿನ ಭಾಗ ಸ್ವಲ್ಪ ಎಳೆದಂತಿದೆ.

ಆ ದೈತ್ಯವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ. ಅದಕ್ಕೆ ಕುತ್ತಿಗೆಯೇ ಇಲ್ಲ, ತಲೆ ನೇರವಾಗಿ ಹೆಗಲಿಗೆ ಇಳಿದಿದೆ. ಮೈಯೆಲ್ಲ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿದೆ. ವಿನ್ಯಾಸ ತೋರು ನರಿತಾ ಅವರದು. ಜಪಾನಿನ ಮಕ್ಕಳು ಅಂಗಿಯ ಕೊರಳಪಟ್ಟಿಯನ್ನು ಹಣೆಯ ಮೇಲಕ್ಕೆ ಎಳೆದುಕೊಂಡು ಈ ದೈತ್ಯವಾಗಿ ಕುಣಿದದ್ದೇ ಕುಣಿದದ್ದು. ಕಂತು ನೋಡಿರದ ಮುಂದಿನ ತಲೆಮಾರಿಗೂ ಆ ಆಟ ದಾಟಿತು.

ಅದರ ಗುರುತು ಅಲಾನ್‌ಗೆ ಮಾತ್ರ ಗೊತ್ತು. ಹೆಸರು ಜಮೀಲಾ. ದೇಶದೇಶಗಳು ಬಾಹ್ಯಾಕಾಶಕ್ಕೆ ಪೈಪೋಟಿಗೆ ಬಿದ್ದಿದ್ದ ದಿನಗಳಲ್ಲಿ ಒಂದು ದೇಶ ಹಾರಿಸಿದ ಗಗನಯಾತ್ರಿ. ದಾರಿ ತಪ್ಪಿ, ನೀರಿಲ್ಲದ ಗ್ರಹವೊಂದಕ್ಕೆ ಹೋಗಿ ಬಿದ್ದ. ವಿಷಯ ಹೊರಬಿದ್ದರೆ ಮಾನ ಹೋದೀತೆಂದು ಅವನನ್ನು ಕಳಿಸಿದ ದೇಶ ಬಾಯಿ ಮುಚ್ಚಿಕೊಂಡಿತು, ಕರೆತರಲು ಯಾರೂ ಹೋಗಲಿಲ್ಲ. ಅಲ್ಲಿ ಬದುಕಿ ಉಳಿಯಲು ಅವನ ಮೈ ಹೀಗಾಯಿತು. ಮುರಿದ ನೌಕೆಯನ್ನು ತಾನೇ ರಿಪೇರಿ ಮಾಡಿಕೊಂಡು ಸೇಡು ತೀರಿಸಿಕೊಳ್ಳಲು ಬಂದಿದ್ದಾನೆ. ಪ್ಯಾರಿಸ್‌ನ ಆದೇಶ ಸ್ಪಷ್ಟ: ಅವನು ಯಾರೆಂದು ಯಾರಿಗೂ ತಿಳಿಯಬಾರದು, ಬರೀ ಒಂದು ದೈತ್ಯವೆಂದು ಕೊಂದು ಮುಗಿಸಿ.

ಇಡೆ ಕೈಲಿದ್ದ ಬಂದೂಕು ಎಸೆಯುತ್ತಾನೆ. ಜಮೀಲಾ ನಮಗಿಂತ ಮುಂಚೆ ಹೋದವನು, ನಾಳೆ ನಮಗೂ ಇದೇ ಗತಿ, ನಾನು ಹೊಡೆಯಲಾರೆ ಅನ್ನುತ್ತಾನೆ. ನಿರ್ದೇಶಕ ಅಕಿಯೊ ಜಿಸ್ಸೋಜಿ ಇಲ್ಲಿ ಬೆಳಕನ್ನೇ ತೆಗೆದುಬಿಡುತ್ತಾರೆ. ಕತ್ತಲಲ್ಲಿ ಮುಖಗಳು ಅರ್ಧಂಬರ್ಧ ಕಾಣುತ್ತವೆ. ಮಕ್ಕಳ ಕಾರ್ಯಕ್ರಮದಲ್ಲಿ, ಭಾನುವಾರ ಸಂಜೆ ಏಳಕ್ಕೆ!

ಮುಂದೆ ಜಮೀಲಾ ಹಳ್ಳಿಯೊಂದಕ್ಕೆ ಬೆಂಕಿ ಹಚ್ಚುತ್ತಾನೆ. ನಿನ್ನಲ್ಲಿದ್ದ ಮನುಷ್ಯ ಸತ್ತೇಹೋದನಾ ಎಂದು ಇಡೆ ಕೂಗಿದಾಗ ಜಮೀಲಾ ಗಕ್ಕನೆ ನಿಲ್ಲುತ್ತಾನೆ. ಕಥೆಗಾರ ಮಾಮೊರು ಸಸಾಕಿ ಅವನನ್ನು ಪಾಪದವನೆಂದು ಮಾಡಿ ಕೈತೊಳೆದುಕೊಂಡಿಲ್ಲ ಅನ್ನುವುದು ನನಗೆ ಮುಖ್ಯ. ಉರಿಯುವ ಮನೆಗಳು ಯಾರೋ ಬಡವರವು. ಅವನನ್ನು ಬಿಟ್ಟುಬಂದವರ ಮನೆಗಳಲ್ಲ.

ಬೆಂಕಿ ಅವನನ್ನು ಏನೂ ಮಾಡದು. ನೀರಿಲ್ಲದೆ ಬದುಕಲು ಕಲಿತ ಮೈಗೆ ಈಗ ನೀರೇ ವಿಷ. ಸಮ್ಮೇಳನದ ಜಾಗಕ್ಕೆ ನುಗ್ಗಿದವನನ್ನು ತಡೆಯಲು ಅಲ್ಟ್ರಾಮ್ಯಾನ್ ಬರುತ್ತಾನೆ, ಎರಡೂ ಕೈ ಜೋಡಿಸಿ ನೀರು ಚಿಮ್ಮಿಸುತ್ತಾನೆ. ಜಮೀಲಾ ಕೆಸರಿನಲ್ಲಿ ಬೀಳುತ್ತಾನೆ, ಏಳಲು ನೋಡುತ್ತಾನೆ, ಮತ್ತೆ ಬೀಳುತ್ತಾನೆ, ತೆವಳುತ್ತಾನೆ. ಎದುರಿಗೆ ನಾನಾ ದೇಶಗಳ ಬಾವುಟಗಳ ಸಾಲು. ಬಾಯಿಂದ ಹೊರಡುವ ದನಿ ದೈತ್ಯದ್ದಲ್ಲ, ಹಸುಗೂಸಿನ ಅಳುವಿನಂಥದ್ದು. ಕ್ಯಾಮೆರಾ ಬೇಗ ಕದಲುವುದೂ ಇಲ್ಲ. ಉಳಿದ ಕಂತುಗಳಲ್ಲಿ ದೈತ್ಯ ಸತ್ತರೆ ಚಪ್ಪಾಳೆ. ಇಲ್ಲಿ ಅಲ್ಟ್ರಾಮ್ಯಾನ್ ಸಾಕು ಮಾಡಲಿ ಅನ್ನಿಸುತ್ತದೆ. ನಾಯಕನ ಗೆಲುವನ್ನೇ ನೋಡಲಾಗದಂತೆ ಮಾಡಿದ್ದಾರಲ್ಲ, ನನ್ನ ಆಯ್ಕೆಗೆ ಇರುವ ಕಾರಣ ಅದೊಂದೇ.

ಅಂದಹಾಗೆ ಈ ಧಾರಾವಾಹಿಯಲ್ಲಿ ಜಿಸ್ಸೋಜಿ ನಿರ್ದೇಶಿಸಿದ್ದು ಆರು ಕಂತು. ಒಂದರಲ್ಲೂ ದೈತ್ಯ ಸ್ಪೇಷಿಯಂ ಕಿರಣಕ್ಕೆ ಸಾಯುವುದಿಲ್ಲ. ಸೂತ್ರವನ್ನೇ ನಂಬಿ ನಡೆಯುವ ಕಾರ್ಯಕ್ರಮದಲ್ಲಿ ಇದು ಸಣ್ಣ ಹಟವಲ್ಲ.

ಕೊನೆಗೆ ಜಮೀಲಾಗೆ ಫ್ರೆಂಚ್ ಭಾಷೆಯಲ್ಲಿ ಒಂದು ಸಮಾಧಿಫಲಕ. 1960–1993 ಎಂಬ ಇಸವಿಗಳು, ಮನುಕುಲದ ಆದರ್ಶಕ್ಕೂ ವಿಜ್ಞಾನದ ಪ್ರಗತಿಗೂ ತನುಮನ ಅರ್ಪಿಸಿದ ಯೋಧ ಇಲ್ಲಿ ಮಲಗಿದ್ದಾನೆ ಎಂಬ ಒಕ್ಕಣೆ. ಗುರುತು ಅಳಿಸಿ ಕೊಲ್ಲಿಸಿದವರೇ ಈಗ ಹೆಸರು ಕೆತ್ತಿಸಿದ್ದಾರೆ. ಬಲಿಯಾದವರಿಗೆ ಯಾವಾಗಲೂ ಇಷ್ಟೇ, ಮಾತು ಮಾತ್ರ ಚೆಂದ ಎಂದು ಇಡೆ ಗೊಣಗುತ್ತಾನೆ. ಉಳಿದವರು ಕರೆದರೂ ಅವನು ಹೊರಡುವುದಿಲ್ಲ.

ಕಾಲವನ್ನೂ ಗಮನಿಸಿ. ಹಿಂದಿರುಗಿಸುವ ಏರ್ಪಾಡೇ ಇಲ್ಲದ ನೌಕೆಯಲ್ಲಿ ಲೈಕಾ ನಾಯಿಯನ್ನು ಸೋವಿಯತ್ತರು ಮೇಲೆ ಕಳಿಸಿ ಆಗ ಒಂಬತ್ತು ವರ್ಷವಾಗಿತ್ತು. ಈ ಕಂತು ಬಂದು ಆರು ವಾರ ಕಳೆಯುವಷ್ಟರಲ್ಲಿ, 1967ರ ಜನವರಿ 27ರಂದು, ಅಮೆರಿಕದ ಅಪೊಲೊ 1ರ ಮೂವರು ಗಗನಯಾತ್ರಿಗಳು ನೆಲದ ಮೇಲಿನ ಪರೀಕ್ಷೆಯಲ್ಲೇ ಬೆಂಕಿಗೆ ಬಲಿಯಾದರು. ಏಪ್ರಿಲ್‌ನಲ್ಲಿ ಸೋವಿಯತ್ ನೌಕೆ ಸೋಯುಜ್ 1 ನೆಲಕ್ಕೆ ಅಪ್ಪಳಿಸಿ ಗಗನಯಾತ್ರಿ ಕೊಮರೋವ್ ಸತ್ತರು. ಸಸಾಕಿ ಭವಿಷ್ಯ ನುಡಿದರು ಅನ್ನುತ್ತಿಲ್ಲ. ಪತ್ರಿಕೆ ಓದುವ ಯಾರಿಗಾದರೂ ಹೊಳೆಯಬಹುದಾಗಿದ್ದ ಪ್ರಶ್ನೆಯನ್ನು ಅವರು ಮಕ್ಕಳ ಮುಂದಿಟ್ಟರು ಅಷ್ಟೇ.

ಈಗ ಷರತ್ತು. ನೇರವಾಗಿ ಇಪ್ಪತ್ಮೂರಕ್ಕೆ ಹೋಗಬೇಡಿ, ಮೊದಲು ಎರಡನೆಯ ಕಂತು ನೋಡಿ. ಒಂದಕ್ಕೆ ಎರಡಾಯಿತು ಎಂದು ಬೈದುಕೊಂಡರೂ ಸರಿ. ಅದರಲ್ಲಿ ಇಡೆ ಕಣ್ಣಿನ ಸುತ್ತ ಬಾವು ಬರಿಸಿಕೊಂಡು ನಮ್ಮ ಕಡೆಗೇ ತಿರುಗಿ ಕಥೆ ಹೇಳುತ್ತಾನೆ; ಆ ಕೋಡಂಗಿತನ ಕಂಡಿದ್ದರೇ ಮುಂದೆ ಅವನು ಬಂದೂಕು ಎಸೆದಾಗ ತಟ್ಟುತ್ತದೆ. ಇನ್ನೊಂದು ಕಾರಣ, ಅಲ್ಲಿ ಬರುವ ಅನ್ಯಗ್ರಹದ ಬಾಲ್ಟನ್‌ಗಳೂ ನೆಲೆ ಕಳೆದುಕೊಂಡವರೇ. 203 ಕೋಟಿ ಜನ ಒಂದು ನೌಕೆಯಲ್ಲಿ! ಅಲ್ಟ್ರಾಮ್ಯಾನ್ ಆ ನೌಕೆಯನ್ನು ಎತ್ತಿಕೊಂಡು ಹೋಗಿ ಮುಗಿಸಿ ಬರುತ್ತಾನೆ, ಯಾರೂ ಮರುಗುವುದಿಲ್ಲ. ಮೊದಲ ಸಲ ನೋಡುವಾಗ ನಿಮಗೂ ಏನೂ ಅನ್ನಿಸದೇ ಇರಬಹುದು.

ಇಪ್ಪತ್ಮೂರು ಮುಗಿದ ಮೇಲೆ ಮನಸ್ಸು ಭಾರವಾದರೆ ಮೂವತ್ನಾಲ್ಕನೆಯದು ಹಾಕಿ. ಅದೂ ಜಿಸ್ಸೋಜಿಯದೇ. ಕರ್ರಿ ಕಲಸಿದ ಅನ್ನ ತಿನ್ನುತ್ತಿದ್ದ ಹಯಾತ ಅರ್ಧಕ್ಕೆ ಎದ್ದು ಓಡಿ, ಅಲ್ಟ್ರಾಮ್ಯಾನ್ ಆಗಲು ಕೈ ಎತ್ತಿದರೆ, ಅವನ ಕೈಯಲ್ಲಿ ಇರುವುದು ಚಮಚ.